ಕಬ್ಬಿನ ಹಾಲು ಕೊಡೋಣ, ಬೆಲ್ಲ ಮಾರೋಣ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವ ಅಭ್ಯಾಸ ಈ ಪತ್ರಿಕೆಯ ಓದುಗರಾದ ನಿಮಗೆ ಇದ್ದೇ ಇದೆ. ದೇಶ ಸುತ್ತುವ ವಿಷಯದಲ್ಲಿ ಮಾತ್ರ ನಾವು ರೈತರು ಹಿಂದೆ. ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕುವವರು ಯಾರು, ತೋಟಕ್ಕೆ ನೀರು ಬಿಡುವವರು ಯಾರು ಎಂಬ ಚಿಂತೆಯೇ ನಮ್ಮ ಕಾಲು ಕಟ್ಟುತ್ತದೆ. ಹೋದರೂ ದೇವಸ್ಥಾನಕ್ಕೆ ಹೋಗುತ್ತೇವೆ, ಮದುವೆಗೆ ಹೋಗುತ್ತೇವೆ. ಇನ್ನೊಬ್ಬ ಬೆಳೆಗಾರನು ತನ್ನ ಬೆಳೆಯನ್ನು ಹೇಗೆ ಮಾರುತ್ತಾನೆಂದು ನೋಡಲು ಹೋಗುವವರು ವಿರಳ.

ಕಳೆದ ಫೆಬ್ರವರಿಯಲ್ಲಿ ಅಂತಹ ಒಂದು ಅವಕಾಶ ನನಗೆ ಒದಗಿತು. ಬೆಂಗಳೂರಿನಲ್ಲಿರುವ ಮಗ ಹಟ ಹಿಡಿದು ನಮ್ಮನ್ನು ಕರೆಸಿಕೊಂಡ. ಮಗ, ಸೊಸೆ, ಐದು ವರ್ಷದ ಮೊಮ್ಮಗಳು, ನಾನು, ನನ್ನ ಮನೆಯಾಕೆ ಎಲ್ಲರೂ ಒಂದೇ ಕಾರಿನಲ್ಲಿ ಬಯಲುಸೀಮೆಯ ಎರಡು ವೈನ್ ತೋಟಗಳನ್ನು ನೋಡಿ, ಅನಂತರ ಶಿವಮೊಗ್ಗ, ಶಿಕಾರಿಪುರದ ಮಾರ್ಗವಾಗಿ ಸೊರಬ ತಾಲ್ಲೂಕು ಆನವಟ್ಟಿ ಹೋಬಳಿಯ ನಮ್ಮ ಊರಿಗೆ ಬಂದೆವು. “ಮದ್ಯ ಮಾಡುವ ಜಾಗಕ್ಕೆ ಮಗುವನ್ನು ಕರೆದೊಯ್ಯುವುದೇ?” ಎಂದು ಮನೆಯಾಕೆ ಮೊದಲು ಮುಖ ಸಿಂಡರಿಸಿದಳು. “ಅಮ್ಮ, ಅದೂ ಒಬ್ಬ ರೈತನ ತೋಟವೇ” ಎಂದು ಮಗ ಸಮಾಧಾನ ಹೇಳಿದ.

ಅಲ್ಲಿ ಮಾರುವುದು ಏನನ್ನು?

ನಮ್ಮ ರಾಜ್ಯಕ್ಕೆ ದ್ರಾಕ್ಷಿ ಹೊಸದಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ವೈನಿಗೆಂದೇ ಫ್ರಾನ್ಸ್ ದೇಶದ ತಳಿಗಳನ್ನು ತಂದು ಬೆಳೆಸುವ ಉದ್ಯಮ ನಂದಿ ಬೆಟ್ಟದ ತಪ್ಪಲಿನಲ್ಲಿ ಬೇರೂರಿದ್ದು 1988ರಲ್ಲಿ ಸ್ಥಾಪನೆಯಾದ ಗ್ರೋವರ್ ದ್ರಾಕ್ಷಿ ತೋಟದಿಂದ. ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ನೆರೆಯ ಮಹಾರಾಷ್ಟ್ರದ ನಾಸಿಕದಲ್ಲಿ ಸುಲಾ ಸಂಸ್ಥೆಯವರು 2005ರಲ್ಲಿಯೇ ನೋಡಲು ಬಂದವರಿಗೆ ರುಚಿ ತೋರಿಸುವ ಕೋಣೆಯನ್ನು ತೆರೆದಿದ್ದರು. ಇಂದು ವೈನ್ ತೋಟ ನೋಡುವುದು ಪಟ್ಟಣದವರಿಗೆ ಒಂದು ಪ್ರವಾಸವೇ ಆಗಿದೆ.

ನಾವು ಹೋದಲ್ಲಿ ತಲೆಗಿಷ್ಟೆಂದು ಶುಲ್ಕ ಪಡೆದು ಹುಡುಗನೊಬ್ಬ ತೋಟ ತೋರಿಸಿದ. ತಂತಿಗೆ ಹಬ್ಬಿಸಿದ ಬಳ್ಳಿ, ಸಾಲಿನ ತಲೆಯಲ್ಲಿ ತಳಿಯ ಹೆಸರಿನ ಫಲಕ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಆದರೆ ತಿನ್ನುವ ದ್ರಾಕ್ಷಿಗಿಂತ ಸಕ್ಕರೆ ಹೆಚ್ಚು. ಆ ಸಕ್ಕರೆಯನ್ನೇ ಯೀಸ್ಟ್ ಮದ್ಯಸಾರವನ್ನಾಗಿ ಮಾಡುತ್ತದೆ. ಕೆಂಪು ವೈನಿಗಾದರೆ ಸಿಪ್ಪೆ ಸಮೇತ, ಬಿಳಿ ವೈನಿಗಾದರೆ ರಸವನ್ನು ಮಾತ್ರ ಹುದುಗಿಸುತ್ತಾರೆ. ಇಷ್ಟನ್ನು ಆ ಹುಡುಗ ಬೇಸರವಿಲ್ಲದೆ ಬಿಡಿಸಿ ಹೇಳಿದ.

ಕೊನೆಯಲ್ಲಿ ಅಂಗಡಿ. ಮಗ ಎರಡು ಬಾಟಲಿ ಕೊಂಡ. ಮುಕ್ಕಾಲು ಲೀಟರಿನ ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ದ್ರಾಕ್ಷಿ ಸಾಕು. ಅದಕ್ಕೆ ಅವನು ನೂರಾರು ರೂಪಾಯಿ ಕೊಟ್ಟ, ಚೌಕಾಸಿ ಮಾಡಲಿಲ್ಲ. ಏಕೆಂದರೆ ಬೆಳೆದ ಬಳ್ಳಿಯನ್ನು ಅವನು ಕಣ್ಣಾರೆ ನೋಡಿದ್ದ, ಬೆಳೆದ ಕಥೆಯನ್ನು ಕೇಳಿದ್ದ. ಮಂಡಿಯಲ್ಲಿ ದರ ಹೇಳುವವರು ವ್ಯಾಪಾರಿಗಳು; ತೋಟದ ಬಾಗಿಲಲ್ಲಿ ದರ ಹೇಳುವವನು ಬೆಳೆಗಾರ. ಈ ಪ್ರವಾಸದಲ್ಲಿ ನಾನು ಕಲಿತ ಮೊದಲ ಪಾಠ ಇದು.

ಮಗುವಿನ ಪ್ರಶ್ನೆ

ಎರಡನೆಯ ಪಾಠವನ್ನು ಕಲಿಸಿದವಳು ಮೊಮ್ಮಗಳು. ಬಳ್ಳಿಯ ಸಾಲಿನಲ್ಲಿ ಓಡಾಡುವವರೆಗೆ ಅವಳು ಗೆಲುವಾಗಿದ್ದಳು. ಆಳೆತ್ತರದ ಉಕ್ಕಿನ ತೊಟ್ಟಿಗಳ ಮುಂದೆ ನಿಂತಾಗ “ಅಜ್ಜ, ದ್ರಾಕ್ಷಿ ಎಲ್ಲಿ ಹೋಯಿತು?” ಎಂದು ಕೇಳಿದಳು. ಮುಚ್ಚಿದ ತೊಟ್ಟಿಯೊಳಗಿನ ಕೆಲಸವನ್ನು ಮಗುವಿಗೆ ತೋರಿಸುವುದು ಹೇಗೆ? ದೊಡ್ಡವರು ರುಚಿ ನೋಡಲು ಮೇಜಿನ ಸುತ್ತ ಕುಳಿತಾಗ “ನನಗೆ?” ಎಂದಳು. ಮಕ್ಕಳಿಗೆ ಅದನ್ನು ಕೊಡುವಂತಿಲ್ಲ, ಕೊಡಲೂಬಾರದು. ಒಂದು ಲೋಟ ನೀರು ಕೊಟ್ಟರು. ಅವಳು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋದಳು.

ಮೂರು ದಿನಗಳ ಮೇಲೆ ನಮ್ಮ ಪಕ್ಕದೂರಿನ ಆಲೆಮನೆಗೆ ಅವಳನ್ನು ಕರೆದುಕೊಂಡು ಹೋದೆ. ಗಾಣಕ್ಕೆ ಕಬ್ಬು ಹೋಗುವುದನ್ನು, ಹಾಲು ಇಳಿಯುವುದನ್ನು, ಕೊಪ್ಪರಿಗೆಯಲ್ಲಿ ಅದು ಕುದಿಯುವುದನ್ನು, ಬೆಂಡೆ ಗಿಡದ ಲೋಳೆ ಹಾಕಿದೊಡನೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದನ್ನು, ಪಾಕ ಹದಕ್ಕೆ ಬಂದಾಗ ಜೋನಿಬೆಲ್ಲ ಇಳಿಸುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಒಂದು ತುದಿಯಲ್ಲಿ ಕಬ್ಬು, ಇನ್ನೊಂದು ತುದಿಯಲ್ಲಿ ಬೆಲ್ಲ. ನಡುವೆ ಮುಚ್ಚಿಟ್ಟದ್ದು ಏನೂ ಇಲ್ಲ. ಎರಡು ಲೋಟ ಕಬ್ಬಿನ ಹಾಲು ಕುಡಿದಳು. “ದ್ರಾಕ್ಷಿ ಎಲ್ಲಿ ಹೋಯಿತು” ಎಂಬಂತಹ ಪ್ರಶ್ನೆ ಇಲ್ಲಿ ಬರಲಿಲ್ಲ.

ಆದರೆ ಮುಂದೆ ನಡೆದದ್ದು ನನ್ನನ್ನು ನಾಚಿಸಿತು. ಮಗ ಬೆಂಗಳೂರಿಗೆ ಒಯ್ಯಲು ನಾಲ್ಕು ಕಿಲೋ ಜೋನಿಬೆಲ್ಲ ಕೇಳಿದ. ಡಬ್ಬಗಳೆಲ್ಲ ವ್ಯಾಪಾರಿಗೆ ಒಪ್ಪಿಕೊಂಡದ್ದು, ಚಿಕ್ಕ ಪಾತ್ರೆ ಯಾವುದೂ ಇಲ್ಲ ಎಂದರು ಮನೆಯವರು. ಕೊನೆಗೆ ಹಳೆಯ ನೀರಿನ ಬಾಟಲಿಯೊಂದನ್ನು ತೊಳೆದು ತುಂಬಿಕೊಟ್ಟು, ದುಡ್ಡು ಬೇಡವೆಂದರು. ಬಯಲುಸೀಮೆಯಲ್ಲಿ ಒಂದು ಬಾಟಲಿಗೆ ನೂರಾರು ರೂಪಾಯಿ ಕೊಟ್ಟ ನನ್ನ ಮಗ ತನ್ನ ಸೀಮೆಯಲ್ಲಿ ದುಡ್ಡು ಹಿಡಿದು ನಿಂತರೂ ಕೊಳ್ಳುವಂತಿರಲಿಲ್ಲ!

ಪದ್ಧತಿ ಕೆಡಿಸಬೇಕೆಂದು ನಾನು ಹೇಳುತ್ತಿಲ್ಲ

ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದೆಂಬುದು ನಮ್ಮ ಕಡೆಯ ಹಿಂದಿನಿಂದ ಬಂದ ಪದ್ಧತಿ. ಬಂದವರಿಗೆಲ್ಲ ಟಿಕೆಟ್ ಹರಿಯಿರಿ ಎಂದರೆ ನೀವು ನನ್ನನ್ನು ಬೈಯುವಿರಿ, ಅದು ನ್ಯಾಯವೂ ಹೌದು. ನನ್ನ ಅಭಿಪ್ರಾಯ ಇಷ್ಟೇ: ಕಬ್ಬಿನ ಹಾಲನ್ನು ಧಾರಾಳವಾಗಿ ಕೊಡೋಣ, ಬೆಲ್ಲವನ್ನು ಮರ್ಯಾದೆಯ ಬೆಲೆಗೆ ಮಾರೋಣ. ಒಂದು ಟನ್ ಕಬ್ಬು ಅರೆದರೆ ಸುಮಾರು ಒಂದು ಕ್ವಿಂಟಲ್ ಬೆಲ್ಲ ಬರುತ್ತದೆ. ಅದರಲ್ಲಿ ಒಂದು ಪಾಲನ್ನಾದರೂ ಬಾಗಿಲಲ್ಲಿ ಮಾರಿದರೆ ಆ ಪಾಲಿಗೆ ದರ ನಮ್ಮದು. ಗಾಜಿನ ಬಾಟಲಿ, ಮೇಲೆ ಊರಿನ ಹೆಸರು, ಮಾಡಿದ ದಿನಾಂಕ. ಇದಕ್ಕೆ ದೊಡ್ಡ ಬಂಡವಾಳ ಬೇಡ.

ಅನಾನಸ್ ಬೆಳೆಗಾರರಿಗೂ ಈ ಮಾತು ಸಲ್ಲುತ್ತದೆ. ನಮ್ಮ ಸೊರಬದ ಅನಾನಸ್ ದೂರದ ಊರುಗಳ ಲಾರಿಯನ್ನೇ ನಂಬಿಕೊಂಡ ಬೆಳೆ. 2020ರ ಬೇಸಿಗೆಯಲ್ಲಿ ಲಾಕ್‌ಡೌನಿನಿಂದ ಲಾರಿ ನಿಂತಾಗ ಹಣ್ಣು ಹೊಲದಲ್ಲಿಯೇ ಕೊಳೆತದ್ದನ್ನು ನಾವು ಮರೆತಿಲ್ಲ. ಕೇಂದ್ರ ಸರ್ಕಾರ ಅದೇ ವರ್ಷ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಆರಿಸಿದ್ದೂ ಅನಾನಸನ್ನೇ. ಹಾಗಾದರೆ ಅನಾನಸಿನ ವೈನನ್ನೇ ಏಕೆ ಮಾಡಬಾರದು ಎಂದು ಕೆಲವರು ಕೇಳಬಹುದು. ಮಾಡಲು ಬರುತ್ತದೆ. ಆದರೆ ಅದಕ್ಕೆ ಅಬಕಾರಿ ಪರವಾನಗಿ, ಉಕ್ಕಿನ ತೊಟ್ಟಿ, ತಂಪಿನ ವ್ಯವಸ್ಥೆ, ತಿಂಗಳುಗಟ್ಟಲೆ ಕಾಯುವ ಶಕ್ತಿ ಬೇಕು. ಎರಡು ಎಕರೆಯ ರೈತನಿಗೆ ಅದು ಎಟುಕದು. ಹೆಚ್ಚಿಗೆ, ಮಗುವಿನ ಕೈಗೆ ಕೊಡಲಾಗದ ವಸ್ತುವಿನಿಂದ ಇಡೀ ಸಂಸಾರವನ್ನು ಕರೆಯಲಾಗದು. ಕಬ್ಬಿನ ಹಾಲು, ಅನಾನಸಿನ ಹೋಳು, ಬಿಸಿ ತೊಡೆದೇವು. ಇವು ಅಜ್ಜಿಗೂ ಆಗುತ್ತವೆ, ಮಗುವಿಗೂ ಆಗುತ್ತವೆ. ವೈನ್ ತೋಟದವರಿಗೆ ಇಲ್ಲದ ಅನುಕೂಲ ನಮಗಿದೆ.

ದಾರಿ ನಮ್ಮ ಮನೆಯ ಮುಂದೆಯೇ ಇದೆ

ನೋಡಲು ಬರುವವರು ಯಾರು ಎಂದು ಕೇಳುವಿರಾ? ಅವರು ಈಗಲೇ ಬರುತ್ತಿದ್ದಾರೆ, ನಮ್ಮ ಹೊಲಗಳನ್ನು ದಾಟಿ ಹೋಗುತ್ತಿದ್ದಾರೆ. ಶಿಕಾರಿಪುರ ತಾಲ್ಲೂಕಿನಲ್ಲಿ ಅಕ್ಕಮಹಾದೇವಿಯ ಉಡುತಡಿ, ಬಳ್ಳಿಗಾವಿಯ ಕೇದಾರೇಶ್ವರ, ಕದಂಬರ ಸ್ತಂಭಶಾಸನವಿರುವ ತಾಳಗುಂದ ಇವೆ. ಸೊರಬ ತಾಲ್ಲೂಕಿಗೆ ಬಂದರೆ ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ರೇಣುಕಾಂಬೆ, ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಗುಡವಿ. ಗಡಿ ದಾಟಿದರೆ ಬನವಾಸಿ. ಶಿವಮೊಗ್ಗದ ವಿಮಾನ ನಿಲ್ದಾಣ 2023ರಲ್ಲಿ ತೆರೆಯಿತು. ಕಾರಿನಲ್ಲಿ ಮಕ್ಕಳಿರುತ್ತಾರೆ. ಎರಡು ದೇವಸ್ಥಾನ ನೋಡುವಷ್ಟರಲ್ಲಿ ಅವರು ದಣಿದಿರುತ್ತಾರೆ, ತಂದೆತಾಯಿಗಳು ನಿಲ್ಲಲು ಒಂದು ನೆರಳು ಹುಡುಕುತ್ತಿರುತ್ತಾರೆ. ರಸ್ತೆಯ ಬದಿಯಲ್ಲಿ ‘ಆಲೆಮನೆ ನಡೆಯುತ್ತಿದೆ, ಬನ್ನಿ’ ಎಂಬ ಒಂದು ಹಲಗೆ ಇದ್ದರೆ ಸಾಕು.

ಗಮನಿಸತಕ್ಕ ಮುಖ್ಯ ಅಂಶಗಳು

1. ಗಾಣಕ್ಕೆ ಮಗುವಿನ ಕೈ ಎಟುಕದಂತೆ ಸುತ್ತಲೂ ಅಡ್ಡಗಟ್ಟೆ ಹಾಕಿರಿ. ಸೆರಗು, ದುಪಟ್ಟ, ಬಿಟ್ಟ ಕೂದಲಿನವರನ್ನು ಹತ್ತಿರ ಬಿಡಬೇಡಿ. ಕಬ್ಬು ಕೊಡುವವನು ಬಂದವರೊಡನೆ ಮಾತಿಗೆ ನಿಲ್ಲಬಾರದು. ತೋರಿಸಲು ಬೇರೆ ಒಬ್ಬರಿರಲಿ.

2. ಕುದಿಯುವ ಪಾಕ ನೀರಿಗಿಂತ ಬಿಸಿ, ಮೈಗೆ ಅಂಟಿಕೊಳ್ಳುತ್ತದೆ. ಕೊಪ್ಪರಿಗೆಯ ಕಡೆಗೆ ಮಕ್ಕಳನ್ನು ಕೈ ಹಿಡಿದೇ ಕರೆತರಬೇಕು. ಸುಟ್ಟರೆ ತಕ್ಷಣ ತಣ್ಣೀರು ಸುರಿಯಲು ತುಂಬಿದ ಕೊಡ ಹತ್ತಿರದಲ್ಲಿರಲಿ.

3. ಬಣ್ಣಕ್ಕಾಗಿ ಹೈಡ್ರೋಸ್ ಹಾಕಬೇಡಿ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದೆಂದು ಕಾನೂನಿದೆ. ಬೆಂಡೆ ಲೋಳೆಯಿಂದ ಶುದ್ಧ ಮಾಡಿದ ಕಂದು ಬೆಲ್ಲವೇ ತಿಳಿದವರಿಗೆ ಬೇಕು.

4. ಔಷಧಿ ಹೊಡೆದ ತೋಟಕ್ಕೂ, ಎಥ್ರೆಲ್ ಹಾಕಿದ ಅನಾನಸ್ ತಾಕಿಗೂ ಯಾರನ್ನೂ ಬಿಡಬೇಡಿ. ಕ್ವೀನ್ ತಳಿಯ ಎಲೆಯಂಚಿನಲ್ಲಿ ಮುಳ್ಳಿರುತ್ತದೆ, ಮಕ್ಕಳನ್ನು ಬದುವಿನ ಮೇಲೆಯೇ ನಿಲ್ಲಿಸಿರಿ.

5. ಕುಡಿಯುವ ನೀರು, ಹೆಂಗಸರು ಮಕ್ಕಳಿಗೆ ಶುಚಿಯಾದ ಶೌಚಾಲಯ, ಕೂರಲು ಬೆಂಚು. ಇವಿಲ್ಲದೆ ಹಲಗೆ ಹಾಕಬೇಡಿ. ಮಾರುವ ಮುನ್ನ ಆಹಾರ ಸುರಕ್ಷತಾ ನೋಂದಣಿ ಮಾಡಿಸಿರಿ.

“ಕೆಲಸದ ನಡುವೆ ಇದಕ್ಕೆ ಪುರುಸೊತ್ತೆಲ್ಲಿ?” ಎಂಬ ಆಕ್ಷೇಪಣೆ ನಿಜವಾದದ್ದು. ಆಲೆಮನೆಗೆ ಆಳು ಸಿಗುವುದೇ ಕಷ್ಟವಾಗಿರುವಾಗ ತೋರಿಸಲು ಇನ್ನೊಬ್ಬರನ್ನು ಎಲ್ಲಿಂದ ತರುವುದು? ಒಬ್ಬರಿಂದ ಆಗದು. ನಾಲ್ಕಾರು ಮನೆಯವರು ಸೇರಿ ಸರದಿಯ ಮೇಲೆ, ವಾರಕ್ಕೆ ಎರಡು ದಿನ ಮಾತ್ರ ತೆರೆದರೆ ಆದೀತು. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ತೊಡೆದೇವು, ಅನಾನಸ್ ಮುರಬ್ಬದ ಹೊಣೆ ಹೊತ್ತುಕೊಳ್ಳಬಲ್ಲರು. ಬೆಲ್ಲದ ಹದ, ಹಣ್ಣಿನ ಸಂಸ್ಕರಣೆಯ ವಿಷಯದಲ್ಲಿ ಸಂದೇಹ ಬಂದರೆ ಕೃಷಿ ವಿಶ್ವವಿದ್ಯಾಲಯ ನಮಗೆ ದೂರವೇನಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ.

ರೈತ ಬಾಂಧವರೇ, ಇದರಿಂದ ನಾವು ಶ್ರೀಮಂತರಾಗುತ್ತೇವೆಂದು ನಾನು ಹೇಳಲಾರೆ. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಆಲೆಮನೆಗಳು ಒಂದೊಂದಾಗಿ ನಿಲ್ಲುತ್ತಿವೆ. ನಮ್ಮ ಮಕ್ಕಳಿಗೆ ನಮ್ಮ ಕೆಲಸವನ್ನು ತೋರಿಸದೆ ಪಟ್ಟಣಕ್ಕೆ ಕಳಿಸಿದೆವು. ಅವರು ಇನ್ನೊಬ್ಬರ ತೋಟವನ್ನು ದುಡ್ಡು ಕೊಟ್ಟು ನೋಡುತ್ತಿದ್ದಾರೆ. ಮೊಮ್ಮಕ್ಕಳಾದರೂ ಬೆಲ್ಲ ಎಲ್ಲಿಂದ ಬರುತ್ತದೆಂದು ಅಜ್ಜನ ಊರಿನಲ್ಲಿ ಕಲಿಯಲಿ. ಬರುವ ಆಲೆಮನೆ ಕಾಲಕ್ಕೆಂದು ನಾನು ಐವತ್ತು ಗಾಜಿನ ಬಾಟಲಿ ತರಿಸಿ ಆ ಪಕ್ಕದೂರಿನವರ ಜಗಲಿಗೆ ಇಳಿಸಿದ್ದೇನೆ. ಅವರು ಮೊದಲು ನಕ್ಕರು, ಆಮೇಲೆ ಒಳಗೆ ತೆಗೆದಿಟ್ಟುಕೊಂಡರು. ನಿಮ್ಮ ಊರಿನ ಆಲೆಮನೆಯಲ್ಲಿಯೂ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿರಿ.