ಹೆಸರು ಬಿಟ್ಟುಹೋದವರ ಪುಟ

‘ದೇವಾನಾಂಪ್ರಿಯ’ನೆಂಬ ಬಿರುದಿನ ಅರಸನು ಅಶೋಕನೇ ಎಂಬುದಕ್ಕೆ ಅವನ ಶಾಸನಗಳಲ್ಲೇ ಆಧಾರ ದೊರೆತುದು ನಮ್ಮ ಮಸ್ಕಿಯ ಬಂಡೆಯಲ್ಲಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಬೆಳಕಿಗೆ ತಂದರು. ಬರೆದಿಟ್ಟ ಹೆಸರಿನ ಬೆಲೆಯನ್ನು ನಾವು ಬೇರೆಡೆ ಹೋಗಿ ಕಲಿಯಬೇಕಾಗಿಲ್ಲ.

ಕಾಲೇಜಿನ ಪತ್ರಿಕೆಯೂ ಅಂತಹುದೇ ಒಂದು ಶಾಸನ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ಕ್ಕೆ 2019ರಲ್ಲಿ ನೂರು ತುಂಬಿತು. ಅದಕ್ಕೆ ಹಿರಿಮೆ ಬಂದುದು ಗಣ್ಯರ ಭಾವಚಿತ್ರಗಳಿಂದಲ್ಲ, ಹೊಸ ಬರಹಗಾರರಿಗೆ ಎಡೆಗೊಟ್ಟುದರಿಂದ.

ಇಂದು ಹಳೆಯ ವಿದ್ಯಾರ್ಥಿಗಳ ಪತ್ರಿಕೆಗಳು ವಾರ್ಷಿಕೋತ್ಸವ ಆಚರಿಸುವಾಗ ಸಾಧಕರ, ದಾನಿಗಳ ಪಟ್ಟಿಯೇ ಬೆಳೆಯುತ್ತದೆ. ಶುಲ್ಕ ಕಟ್ಟಲಾರದೆ ಸಿಂಧನೂರಿನ ಭತ್ತದ ಗದ್ದೆಗೆ ಕೂಲಿಗೆ ಮರಳಿದ ಹುಡುಗ, ಲಿಂಗಸುಗೂರಿನಲ್ಲಿ ಮದುವೆಗಾಗಿ ಓದು ತೊರೆದ ಹುಡುಗಿ, ಇವರೂ ಅದೇ ಬೆಂಚಿನ ಮೇಲೆ ಕುಳಿತವರಲ್ಲವೇ? ಸಂತ ಅಗಸ್ಟೀನರು ಸ್ಮೃತಿಯನ್ನು ವಿಶಾಲವಾದ ಅರಮನೆಗೆ ಹೋಲಿಸಿದರು. ಆ ಅರಮನೆಯಲ್ಲಿ ಗೆದ್ದವರಿಗಷ್ಟೇ ಆಸನವೆಂದಾದರೆ ಅದು ಸ್ಮೃತಿಯಲ್ಲ, ಜಾಹೀರಾತು.

ಸೋಲನ್ನು ಅಚ್ಚುಹಾಕಿ ನೋಯಿಸಬಾರದೆಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಆದುದರಿಂದ ಮೊದಲು ಅವರ ಮನೆಗೆ ಹೋಗೋಣ, ಒಪ್ಪಿದರೆ ಅವರೇ ಬರೆಯಲಿ. ವಾರ್ಷಿಕೋತ್ಸವದ ಊಟದ ವೆಚ್ಚದಲ್ಲಿ ಒಂದು ಪಾಲು, ಮರಳಿ ಪರೀಕ್ಷೆಗೆ ಕೂರಬಯಸುವವರ ಶುಲ್ಕಕ್ಕೆ ಮೀಸಲಾಗಲಿ.

ಕಥೋಲಿಕ ಕುಟುಂಬಗಳಲ್ಲಿಯೂ ಓದು ಅರ್ಧಕ್ಕೆ ನಿಂತವರಿದ್ದಾರೆ. ಬರುವ ಭಾನುವಾರ ಪೂಜೆಯ ಬಳಿಕ ಅಂತಹ ಒಬ್ಬರನ್ನಾದರೂ ಹೆಸರು ಹಿಡಿದು ಮಾತನಾಡಿಸೋಣ. ಪತ್ರಿಕೆಯ ಹೊಸ ಪುಟ ಅಲ್ಲಿಂದಲೇ ಆರಂಭವಾಗಲಿ.