ಜೇಡ ಬರುತ್ತೆ!



ಹೊಳೆನರಸೀಪುರದಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ರಾತ್ರಿ ಒಬ್ಬಳೇ ಬಚ್ಚಲಿಗೆ ಹೋಗಲು ಹೆದರುತ್ತಿದ್ದಳು. ಟಿ.ವಿ.ಯಲ್ಲಿ 2002ರ ಹ್ಯಾರಿ ಪಾಟರ್ ಸಿನಿಮಾ ನೋಡಿದ್ದಳು. ಅದರಲ್ಲಿ ಅರಗಾಗ್ ಎಂಬ ದೈತ್ಯ ಜೇಡವಿದೆ. ಟೋಲ್ಕಿನ್‌ರ 1954ರ ಕಾದಂಬರಿಯಲ್ಲೂ ಶೆಲೋಬ್ ಎಂಬ ಅಂಥದ್ದೇ ಜೇಡವಿದೆ. ಜೊತೆಗೆ, ಊಟ ಮಾಡದಿದ್ದರೆ "ಜೇಡ ಬರುತ್ತೆ" ಎಂದು ಮನೆಯಲ್ಲೂ ಹೆದರಿಸುತ್ತಿದ್ದರಂತೆ.

ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಜೇಡ ಉದ್ದ, ಅಗಲ, ಎತ್ತರದಲ್ಲಿ 10 ಪಟ್ಟು ಬೆಳೆದರೆ ಅದರ ತೂಕ 1000 ಪಟ್ಟಾಗುತ್ತದೆ; ಕಾಲಿನ ಬಲ ಹೆಚ್ಚುವುದು 100 ಪಟ್ಟು ಮಾತ್ರ. ಇನ್ನು ಆನೆಯಷ್ಟಾದರೆ ಎದ್ದು ನಿಲ್ಲಲೂ ಆಗದು!

"ಹಾಗಾದ್ರೆ ಓಡಿಸಿಕೊಂಡು ಬರಲ್ವಾ?" ಎಂದು ಕೇಳಿ ನಕ್ಕಳು.

ನಮ್ಮ ಜಿಲ್ಲೆಯ ಸಕಲೇಶಪುರದ ಕಡೆಯ ಕಾಡಿನಲ್ಲಿ ಅಂಗೈಯಗಲದ ಜೇಡಗಳಿವೆ. ಅವು ತಮ್ಮ ಬಲೆ ಬಿಟ್ಟು ಮನುಷ್ಯರ ತಂಟೆಗೆ ಬರುವುದಿಲ್ಲ. ಮನೆಗೋಡೆಯ ಮೇಲೆ ಓಡಾಡುವ ದೊಡ್ಡ ಜೇಡವಂತೂ ಜಿರಲೆ ತಿಂದು ಉಪಕಾರ ಮಾಡುತ್ತದೆ.

ಪವಿತ್ರ ಕುರ್‌ಆನಿನ 29ನೇ ಅಧ್ಯಾಯದ ಹೆಸರೇ 'ಅಲ್ ಅನ್ಕಬೂತ್', ಅಂದರೆ ಜೇಡ. ಅಲ್ಲಿ ಅದರ ಮನೆ ದುರ್ಬಲತೆಗೆ ಉಪಮೆಯಾಗಿದೆ.

ಕಥೆಯ ರಾಕ್ಷಸ ಪುಸ್ತಕ ಮುಚ್ಚಿದರೆ ಹೋಗುತ್ತಾನೆ. ತಾಯಿ ಕರೆದ ರಾಕ್ಷಸ ಮಾತ್ರ ಮಗುವಿನ ಜೊತೆಯಲ್ಲೇ ಮಲಗುತ್ತಾನೆ. ಇವತ್ತು ರಾತ್ರಿ ಅವನನ್ನು ಕರೆಯಬೇಡಿ.