ಎರಡು ಗೆರೆ, ಒಬ್ಬಳದೇ ಲೆಕ್ಕ

ನೇರವಾಗಿ ಹೇಳಿಬಿಡ್ತೀನಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ಯುಲೇಷನ್ ಕಿಟ್ ಬಗ್ಗೆ ನನಗೆ ತಕರಾರಿಲ್ಲ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತೆ. ನನ್ನ ತಕರಾರು ಅದನ್ನು ಮುಂದಿಟ್ಟುಕೊಂಡು ನಾವು ಮಾಡುತ್ತಿರುವ ನಾಟಕದ ಬಗ್ಗೆ. ಹೆಂಡತಿ ತಿಂಗಳುಗಟ್ಟಲೆ ಬಾತ್‌ರೂಮಿನಲ್ಲಿ ಪಟ್ಟಿ ಹಿಡಿದು ನಿಲ್ಲುತ್ತಾಳೆ. ಗಂಡ ಒಂದೇ ಒಂದು ಸಲವೂ ಲ್ಯಾಬಿಗೆ ಹೋಗಿ ವೀರ್ಯ ಪರೀಕ್ಷೆ ಮಾಡಿಸಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಈ ಕಿಟ್ ಇರುವುದೇ ಗಂಡಸನ್ನು ಡಾಕ್ಟರ ಮುಂದೆ ಕೂರುವುದರಿಂದ ಕಾಪಾಡಲಿಕ್ಕೆ.

ನಾನು ಗಂಜಾಂನವಳು, ಕೆಲಸ ಬೆಂಗಳೂರಿನಲ್ಲಿ. ಗಂಜಾಂ ಅಂದರೆ ನಿಮಗೆ ನಿಮಿಷಾಂಬ ನೆನಪಾಗಬಹುದು. ಕಾವೇರಿ ದಡದ ಈ ತಾಯಿ ಬೇಡಿಕೊಂಡವರ ಕಷ್ಟವನ್ನು ನಿಮಿಷದಲ್ಲಿ ಪರಿಹರಿಸುತ್ತಾಳೆ ಅನ್ನುವುದು ನಂಬಿಕೆ. ದೇವಿಯ ಜೊತೆ ನನಗೆ ಜಗಳವಿಲ್ಲ. ಆದರೆ ಚಿಕ್ಕಂದಿನಿಂದ ನಾನು ನೋಡಿರುವುದು ಇಷ್ಟು: ಮಕ್ಕಳಿಗಾಗಿ ಬರುವ ಜೋಡಿಗಳಲ್ಲಿ ಉಪವಾಸ ಹೆಂಡತಿಯದು, ಒದ್ದೆ ಸೀರೆ ಹೆಂಡತಿಯದು, ಹರಕೆ ಹೆಂಡತಿಯದು. ಗಂಡ ಕಾರಿಗೆ ನೆರಳು ಹುಡುಕುತ್ತಿರುತ್ತಾನೆ. ಅಶ್ವತ್ಥ ಕಟ್ಟೆ ಸುತ್ತಿ ಹೊಟ್ಟೆ ಮುಟ್ಟಿ ನೋಡಿಕೊಂಡಳಂತೆ ಅಂತ ಗಾದೆ ಬೇರೆ ಮಾಡಿ ನಗ್ತೀವಿ. ಆ ಗಾದೆಯಲ್ಲೂ ಕಟ್ಟೆ ಸುತ್ತುವವಳು ಅವಳೇ, ನಗೆಪಾಟಲಾಗುವವಳೂ ಅವಳೇ.

ಓದಿದವರು, ನಾವು ಬದಲಾಗಿದ್ದೀವಿ ಅಂದುಕೊಳ್ತೀವಿ. ಬದಲಾಗಿರುವುದು ಸಾಮಾನು ಮಾತ್ರ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ, ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಸಲಹೆಯಂತೆ, ನಮ್ಮ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಮುಟ್ಟಿನ ದಿನಗಳನ್ನು ಎಣಿಸಿ ಗರ್ಭ ತಪ್ಪಿಸುವ ಪದ್ಧತಿಯ ಪ್ರಯೋಗ ಅದು. ಎಣಿಸಲು ಅನುಕೂಲವಾಗಲಿ ಅಂತ ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟರು. ಒಂದು ಬಣ್ಣ ಗರ್ಭ ನಿಲ್ಲಬಹುದಾದ ದಿನಕ್ಕೆ, ಇನ್ನೊಂದು ನಿಲ್ಲದ ದಿನಕ್ಕೆ. ಪ್ರಯೋಗ ಫಲ ಕೊಡಲಿಲ್ಲ. ನನಗೆ ಕಾಣುವುದು ಆ ಸರ ಯಾರ ಕೊರಳಲ್ಲಿತ್ತು ಅನ್ನುವುದು. ಮಗು ಬೇಡ ಅಂದಾಗ ಲೆಕ್ಕ ಅವಳ ಕೊರಳಿಗೆ, ಬೇಕು ಅಂದಾಗ ಪಟ್ಟಿ ಅವಳ ಕೈಗೆ.

ಈ ಪಟ್ಟಿ ಏನು ಹೇಳುತ್ತೆ, ಏನು ಹೇಳಲ್ಲ ಅನ್ನುವುದು ಕೊಳ್ಳುವವರಿಗೆ ಗೊತ್ತಿರಬೇಕು. ಅಂಡಾಶಯದಿಂದ ಅಂಡ ಹೊರಬರುವ ಮುಂಚೆ ರಕ್ತದಲ್ಲಿ ಎಲ್‌ಎಚ್ ಅನ್ನುವ ಹಾರ್ಮೋನು ಒಮ್ಮೆಲೇ ಏರುತ್ತೆ. ಮೂತ್ರದಲ್ಲಿ ಆ ಏರಿಕೆಯನ್ನು ಪಟ್ಟಿ ಹಿಡಿಯುತ್ತೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿದ್ದರೆ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಪಾಸಿಟಿವ್. ಪ್ರೆಗ್ನೆನ್ಸಿ ಟೆಸ್ಟಿನ ಹಾಗೆ ಮಸುಕು ಗೆರೆ ನೋಡಿ ಕುಣಿಯುವ ಹಾಗಿಲ್ಲ. ಪಾಸಿಟಿವ್ ಬಂದ ಮೇಲೆ ಸುಮಾರು 24ರಿಂದ 36 ಗಂಟೆಯಲ್ಲಿ ಅಂಡ ಬಿಡುಗಡೆಯಾಗುತ್ತೆ. ಅದರ ಆಯುಸ್ಸು 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಒಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಗರ್ಭ ನಿಲ್ಲುವ ಅವಕಾಶ ಅಂಡ ಬಿಡುಗಡೆಯ ದಿನವೂ ಸೇರಿ ಅದಕ್ಕೆ ಮುಂಚಿನ ಆರು ದಿನಗಳಲ್ಲಿ. ಗೆರೆ ಬರಲಿ ಅಂತ ಕಾದು, ಬಂದ ತಕ್ಷಣ ಗಂಡನ ಕ್ಯಾಲೆಂಡರಿಗೆ ಇನ್ವೈಟ್ ಕಳಿಸುವುದಕ್ಕಿಂತ, ಆ ವಾರ ದಿನ ಬಿಟ್ಟು ದಿನ ಜೊತೆಗಿದ್ದರೆ ಸಾಕು.

ಕಿಟ್ಟಿನಿಂದ ಉಪಯೋಗವೇ ಇಲ್ಲ ಅಂತಲ್ಲ. 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಒಂದು ವರ್ಷಕ್ಕಿಂತ ಕಡಿಮೆ ಕಾಲದಿಂದ ಪ್ರಯತ್ನಿಸುತ್ತಿರುವ, 40 ದಾಟದ ಮಹಿಳೆಯರಲ್ಲಿ ಇದು ಮಗುವಾಗುವ ಸಾಧ್ಯತೆಯನ್ನು ಬಹುಶಃ ಹೆಚ್ಚಿಸುತ್ತೆ. ಸರಿ, ಬಳಸಿ. ಆದರೆ ಅಂಡ ನಿಜಕ್ಕೂ ಹೊರಬಂತೇ ಅಂತ ಪಟ್ಟಿ ಹೇಳಲ್ಲ. ಗರ್ಭನಾಳ ತೆರೆದಿದೆಯೇ ಅಂತ ಹೇಳಲ್ಲ. ಪಿಸಿಓಎಸ್ ಇರುವವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರಬಹುದು, ಆಗ ಸುಳ್ಳು ಪಾಸಿಟಿವ್ ಬರುತ್ತೆ. ಗಂಡನ ಬಗ್ಗೆಯಂತೂ ಅದು ಒಂದಕ್ಷರವೂ ಹೇಳಲ್ಲ.

ಈಗ ನಮ್ಮ ಮನೆಯ ವಿಷಯ. ಅತ್ತಿಗೆಯನ್ನು ಕೇಳಿಯೇ ಬರೀತಿದ್ದೀನಿ. ಅಣ್ಣ ಓದ್ತಾನೆ ಅಂತಲೂ ಗೊತ್ತು. ಮದುವೆಯಾಗಿ ನಾಲ್ಕು ವರ್ಷ. ಎರಡು ವರ್ಷದಿಂದ ಅತ್ತಿಗೆ ಕಿಟ್ ತರ್ತಿದ್ದಾಳೆ, ಅದೂ ಮೈಸೂರಿನಿಂದ. ಪೇಟೆಯ ಅಂಗಡಿಯಲ್ಲಿ ಕೊಂಡರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಹೆಚ್ಚುಕಡಿಮೆ ಪ್ರತಿ ತಿಂಗಳೂ ಗೆರೆ ಗಾಢವಾಗಿಯೇ ಬಂದಿದೆ. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಗಿದೆ, ಎಲ್ಲ ನಾರ್ಮಲ್. ಮದುವೆ ಮನೆಗೆ ಹೋದರೆ "ಏನಾದ್ರೂ ವಿಸೇಸ ಉಂಟೇನವ್ವಾ?" ಅಂತ ಕೇಳುವುದು ಅವಳನ್ನೇ. ಅವ್ವ "ಇನ್ನೊಂದ್ ಹರಕೆ ಹೊತ್ಕೊಳವ್ವ" ಅನ್ನುವುದೂ ಅವಳಿಗೇ. ಅಣ್ಣನಿಗೆ ನಾನು ಪರೀಕ್ಷೆ ಮಾಡಿಸ್ಕೊ ಅಂದರೆ, "ನಂಗೇನಾಗದೆ? ಗಂಡ್ಸಲ್ವೇನೇ ನಾನು?" ಅಂದ.

ಅಣ್ಣಾ, ಗಂಡಸುತನಕ್ಕೂ ವೀರ್ಯಾಣುವಿನ ಸಂಖ್ಯೆಗೂ ಸಂಬಂಧವಿಲ್ಲ. ಮೀಸೆ ನೋಡಿ, ಹಾಸಿಗೆ ನೋಡಿ ಕೌಂಟ್ ಗೊತ್ತಾಗಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣ, ಒಂದೋ ಪೂರ್ತಿಯಾಗಿ ಇಲ್ಲವೇ ಭಾಗಶಃ, ಇರುತ್ತೆ. ಎರಡರಿಂದ ಏಳು ದಿನ ಸಂಯಮ, ಒಂದು ಡಬ್ಬಿ, ಒಂದು ಬೆಳಗ್ಗೆ. ಸೂಜಿಯಿಲ್ಲ, ನೋವಿಲ್ಲ. ಮಿಲಿ ಲೀಟರಿಗೆ 1.6 ಕೋಟಿಗಿಂತ ಕಡಿಮೆ ವೀರ್ಯಾಣು ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಅದನ್ನು ಕಡಿಮೆಯೆಂದು ಎಣಿಸುತ್ತೆ. ಕಡಿಮೆ ಬಂದರೆ ಪ್ರಪಂಚ ಮುಳುಗಲ್ಲ. ಮತ್ತೊಮ್ಮೆ ಪರೀಕ್ಷಿಸ್ತಾರೆ, ಕಾರಣ ಹುಡುಕ್ತಾರೆ. ವೆರಿಕೋಸೀಲ್ ಅಂದರೆ ವೃಷಣದ ರಕ್ತನಾಳದ ಊತ, ಅದಕ್ಕೆ ಚಿಕಿತ್ಸೆಯಿದೆ. ಬೀಡಿ ಸಿಗರೇಟು ಬಿಟ್ಟರೂ ಸಹಾಯವಾಗಬಹುದು. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತೆ, ಅಂದರೆ ನೀನು ಮುಂದೂಡುವ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತೆ. ನಿನ್ನ ವಯಸ್ಸಿಗಿಂತ ಅತ್ತಿಗೆಯ ವಯಸ್ಸಿಗೆ ಆ ತಿಂಗಳುಗಳು ದುಬಾರಿ.

ಇನ್ನೊಂದು ರೋಗವೂ ಈ ಕಿಟ್ಟಿಗೆ ಅಂಟಿಕೊಂಡಿದೆ. ಗೆರೆ ಬಂದ ದಿನವೇ ಸೇರಿದರೆ ಗಂಡು ಮಗು, ಮುಂಚೆ ಸೇರಿದರೆ ಹೆಣ್ಣು ಅಂತ ಹೇಳಿಕೊಡುವವರಿದ್ದಾರೆ. 1995ರಲ್ಲಿ ಅಮೆರಿಕದ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರ ದಿನದಿನದ ಲೆಕ್ಕ ಇಟ್ಟು ಪ್ರಕಟಿಸಿದ ಅಧ್ಯಯನದಲ್ಲಿ, ಸೇರಿದ ದಿನಕ್ಕೂ ಮಗುವಿನ ಲಿಂಗಕ್ಕೂ ಸಂಬಂಧ ಕಾಣಲಿಲ್ಲ. ಆರು ದಿನದ ಲೆಕ್ಕ ಬಂದಿದ್ದೂ ಅದೇ ಅಧ್ಯಯನದಿಂದ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗ ಅದು. ಅಂಥ ಜಿಲ್ಲೆಯಲ್ಲಿ ಹುಟ್ಟಿದ ನಾವು ಈ "ಗಂಡು ದಿನ"ದ ಮಾತನ್ನು ತಮಾಷೆ ಅಂತ ಕೇಳಿಸಿಕೊಂಡು ಸುಮ್ಮನಿರಬಾರದು.

ಕಿಟ್ಟಿನಿಂದ ಹೆಂಗಸಿಗೆ ತನ್ನ ದೇಹದ ಅರಿವು ಸಿಗುತ್ತೆ, ಗುಟ್ಟಾಗಿ ನೋಡಿಕೊಳ್ಳಬಹುದು ಅನ್ನುವವರ ಮಾತು ನಿಜ. ನಾನೂ ಒಪ್ತೀನಿ. ಆದರೆ ಅರಿವು ಅವಳಿಗೆ, ಅಪರಾಧವೂ ಅವಳಿಗೇ ಅನ್ನುವುದನ್ನು ಒಪ್ಪಲ್ಲ. ತಿಂಗಳ ಕೊನೆಗೆ ಮುಟ್ಟಾದಾಗ "ಗೆರೆ ಬಂದಿತ್ತಲ್ಲ, ಮತ್ಯಾಕೆ?" ಅಂತ ಅವಳು ತನ್ನನ್ನೇ ಕೇಳಿಕೊಳ್ತಾಳೆ. ಉತ್ತರದ ಅರ್ಧ ಇನ್ನೊಬ್ಬನ ಮೈಯಲ್ಲಿದೆ, ಆತ ತೋರಿಸಲು ಒಪ್ತಿಲ್ಲ.

ಓದುತ್ತಿರುವ ಗಂಡಂದಿರಿಗೆ ಹೇಳುವುದಿಷ್ಟೇ. ಪ್ರಯತ್ನ ಶುರುಮಾಡಿ ವರ್ಷವಾಯಿತೇ, ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ಹೆಂಡತಿಗೆ 35 ಆಗಿದ್ದರೆ ಆರೇ ತಿಂಗಳಿಗೆ ಹೋಗಿ. ಅವಳ ಗರ್ಭನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುವ ಮುಂಚೆ ನಿಮ್ಮ ಡಬ್ಬಿ ಲ್ಯಾಬಿಗೆ ತಲುಪಿರಲಿ. ರಿಪೋರ್ಟ್ ಏನೇ ಬರಲಿ, ಅದನ್ನು ನಿಮ್ಮ ಅವ್ವನಿಗೆ ನೀವೇ ಓದಿ ಹೇಳಿ.